ಬನ್ನಕ್ಕನ ಆರು ಇಂಚಿನ ಸೂರ್ಯ

ಬನ್ನಕ್ಕನಿಗೆ ನಕ್ಷತ್ರ ನೋಡುವ ಯೋಗ ಇರಲಿಲ್ಲ. ಆಸೆ ಇರಲಿಲ್ಲ ಅಂತಲ್ಲ, ಪುರುಸೊತ್ತು ಇರಲಿಲ್ಲ. ಬೇಕರಿಯವರ ಮನೆಗೆ ಸೊಸೆಯಾಗಿ ಬಂದವಳು. ಊರೆಲ್ಲ ಉಂಡು ಹರಟೆಗೆ ಕೂರುವ ಹೊತ್ತಿಗೆ ಅವಳು ಹಾಸಿಗೆ ಸೇರಬೇಕು, ಊರು ಗೊರಕೆ ಹೊಡೆಯುವಾಗ ಎದ್ದು ಗಂಡನ ಜೊತೆ ಹಿಟ್ಟು ನಾದಬೇಕು. ಬ್ರೆಡ್ಡು, ಬನ್ನು ಎಲ್ಲ ಅಂಗಡಿಗಳಿಗೆ ಹೋದ ಮೇಲೆ, ಹಿಟ್ಟು ಮುಚ್ಚುವ ಬಟ್ಟೆಗಳನ್ನು ಒಗೆದು ಬುಟ್ಟಿಯಲ್ಲಿ ಹೊತ್ತು ತಾರಸಿಗೆ ಹತ್ತಿದಾಗ ಅವಳ ಪಾಲಿಗೆ ಸಿಗುತ್ತಿದ್ದ ಆಕಾಶ ಒಂದೇ. ಅದರಲ್ಲಿ ಇರುತ್ತಿದ್ದವನೂ ಒಬ್ಬನೇ.

ಆ ಮನೆಯ ಭಟ್ಟಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಇಟ್ಟಿಗೆಯ ಭಟ್ಟಿ ಅದು, ಒಂದು ಕೋಣೆಯಷ್ಟು ದೊಡ್ಡದು. ಬನ್ನಕ್ಕನ ಮಾವ ತಮ್ಮ ಮದುವೆಯಾದ ವರ್ಷ ಹಚ್ಚಿದ ಬೆಂಕಿ, ಅವರು ಹೋದ ಮೇಲೂ ಆರಿರಲಿಲ್ಲ. ಅದರ ಕಾವಲು ಈಗ ಅತ್ತೆಯದು. ಅತ್ತೆ ಅಂದರೆ ಸಾಮಾನ್ಯರಲ್ಲ ಸ್ವಾಮಿ! ವಯಸ್ಸಾಗಿ ಬೆನ್ನು ಬಾಗಿದ್ದರೂ ದಿನಾ ಭಟ್ಟಿಯ ಬಾಯಿಗೆ ಬಂದು, ಒಳಗೆ ಕೈಯೊಡ್ಡಿ, ಮೂಗು ಮುರಿದು ಹೋಗುವವರು. ಯಾವ ಬ್ರೆಡ್ಡನ್ನೂ ಚೆನ್ನಾಗಿದೆ ಎಂದವರಲ್ಲ. ಅವರ ಬಾಯಲ್ಲಿ ಹೊಗಳಿಕೆ ಅಂತ ಇದ್ದದ್ದು ಒಂದೇ ಮಾತು: "ಕಾವು ಸಮ ಇದೆ." ಆ ಮಾತು ಸಿಕ್ಕಿದ್ದು ತೀರಿಹೋದ ಗಂಡನಿಗೆ ಮಾತ್ರ. ಮಗನಿಗೆ ಸಿಕ್ಕಿಲ್ಲ. ಸೊಸೆಗಂತೂ ಕೇಳಲೇಬೇಡಿ.

ಸೂರ್ಯನ ಹುಚ್ಚು ಬನ್ನಕ್ಕನಿಗೆ ಹತ್ತಿದ್ದು ಒಂದು ಗ್ರಹಣದ ದಿನ. ಊರಿನ ಅರ್ಧ ಜನರ ಹಲ್ಲು ಕಿತ್ತು ನಿವೃತ್ತರಾಗಿದ್ದ ಹಲ್ಲಿನ ಡಾಕ್ಟರು ಶಾಲೆಯ ಅಂಗಳದಲ್ಲಿ ಸಣ್ಣ ಟೆಲಿಸ್ಕೋಪ್ ಇಟ್ಟು, ಬಿಳಿ ರಟ್ಟಿನ ಮೇಲೆ ಸೂರ್ಯನ ಬಿಂಬ ಬೀಳಿಸಿ ತೋರಿಸುತ್ತಿದ್ದರು. ಬನ್ನು ಕೊಡಲು ಹೋದ ಬನ್ನಕ್ಕ ಬಗ್ಗಿ ನೋಡಿದಳು. ಬಿಂಬದ ಮಧ್ಯದಲ್ಲಿ ಒಂದು ಕಪ್ಪು ಕಲೆ.

"ಅಯ್ಯೋ, ಇಲ್ಲಿ ಸೀದುಹೋಗಿದೆಯಲ್ಲ ಡಾಕ್ಟ್ರೇ!"

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸೀದಿಲ್ಲ ಬನ್ನಕ್ಕ, ಅದು ಸೂರ್ಯನ ಕಲೆ. ಸುತ್ತಲಿಗಿಂತ ಅಲ್ಲಿ ಕಾವು ಕಮ್ಮಿ, ಅದಕ್ಕೇ ಕಪ್ಪಗೆ ಕಾಣುತ್ತೆ."

ಕಾವು ಕಮ್ಮಿಯಾದ ಕಡೆ ಕಪ್ಪು! ಮೂವತ್ತು ವರ್ಷ ಭಟ್ಟಿಯ ಮುಂದೆ ನಿಂತವಳಿಗೆ ಇದು ನುಂಗಲಾರದ ತುತ್ತಾಯಿತು. ಅಂದಿನಿಂದ ಡಾಕ್ಟರ ಬೆನ್ನು ಬಿಡಲಿಲ್ಲ. ಡಾಕ್ಟರೇ ಅಧ್ಯಕ್ಷರಾಗಿದ್ದ ಆಕಾಶ ಬಳಗಕ್ಕೆ ಸೇರಿಕೊಂಡಳು. ಬಳಗ ಸೇರುತ್ತಿದ್ದದ್ದು ಕತ್ತಲಾದ ಮೇಲೆ. ಬನ್ನಕ್ಕ ಬರುತ್ತಿದ್ದಳು, ಕುರ್ಚಿಯಲ್ಲಿ ಕೂರುತ್ತಿದ್ದಳು, ಗುರುಗ್ರಹದ ಮಾತು ಶುರುವಾಗುವಷ್ಟರಲ್ಲಿ ಬಾಯಿ ಕಳೆದು ನಿದ್ದೆ ಹೋಗುತ್ತಿದ್ದಳು. ಬಳಗದವರು ಅವಳಿಗೆ ಆಕಳಿಕೆ ಸದಸ್ಯೆ ಅಂತ ಹೆಸರಿಟ್ಟಿದ್ದರು. ಅವಳೂ ನಗುತ್ತಿದ್ದಳು. ಬನ್ನು ತರುವವಳ ಮೇಲೆ ಯಾರಿಗೆ ತಾನೇ ಸಿಟ್ಟು ಬರುತ್ತದೆ?

ಒಂದು ಸಲ ಮಾತ್ರ ಅವಳು ನಿದ್ದೆ ಮಾಡಲಿಲ್ಲ. ತೀರಿಕೊಂಡ ಹಿರಿಯ ಸದಸ್ಯರೊಬ್ಬರು ಬಳಗಕ್ಕೆ ಒಂದು ದೊಡ್ಡ ಟೆಲಿಸ್ಕೋಪ್ ಕೊಳ್ಳಲು ಹಣದ ಅನುಕೂಲ ಮಾಡಿಟ್ಟು ಹೋಗಿದ್ದರು. ಯಾವುದನ್ನು ಕೊಳ್ಳಬೇಕು ಅನ್ನುವ ಸಭೆ ಅದು. ಎಲ್ಲರೂ ರಾತ್ರಿಯ ಆಕಾಶದ ಟೆಲಿಸ್ಕೋಪನ್ನೇ ಹೇಳುತ್ತಿದ್ದಾಗ ಬನ್ನಕ್ಕ ಎದ್ದು ನಿಂತಳು.

"ನಮ್ಮೂರ ದೀಪದ ಬೆಳಕಲ್ಲಿ ರಾತ್ರಿ ಏನು ಕಾಣುತ್ತೆ ಹೇಳಿ? ಕಂಡರೂ ಚುಕ್ಕೆ. ಎಷ್ಟು ದೊಡ್ಡ ಟೆಲಿಸ್ಕೋಪ್ ತಂದ್ರೂ ನಕ್ಷತ್ರ ಅನ್ನೋದು ಚುಕ್ಕೆನೇ. ಮುಖ ಕಾಣೋ ನಕ್ಷತ್ರ ಅಂತ ನಮಗೆ ಇರೋದು ಒಬ್ಬ. ಅವನನ್ನ ಬಿಟ್ಟು ಚುಕ್ಕೆ ಎಣಿಸ್ತಾ ಕೂರೋಣ ಅಂತೀರಲ್ಲ, ಸರೀನಾ?"

ಸಭೆ ಕಣ್ಣು ಕಣ್ಣು ಬಿಟ್ಟಿತು. ಆಮೇಲೆ ಒಬ್ಬೊಬ್ಬರೇ ಅವಳ ಕಡೆ ವಾಲಿದರು. ಸೂರ್ಯನದೇ ತರೋಣ ಅಂತಾಯಿತು, ಆರಿಸುವ ಜವಾಬ್ದಾರಿಯೂ ಅವಳ ತಲೆಗೇ ಬಂತು.

ನಾಲ್ಕು ಇಂಚಿನ ಮಸೂರದ್ದು ಒಂದಿತ್ತು, ಹಗುರ, ಒಂದು ಕೈಯಲ್ಲಿ ಎತ್ತಬಹುದು. ಆರು ಇಂಚಿನದು ಇನ್ನೊಂದು, ಉದ್ದಕ್ಕೆ ನೀರಿನ ಪೈಪಿನ ಹಾಗೆ, ಎತ್ತಲು ಇಬ್ಬರು ಬೇಕು. ಬನ್ನಕ್ಕ ಒಂದು ಚಿತ್ರ ನೋಡಿದ್ದಳು. ಸೂರ್ಯನ ಮೈ ತುಂಬ ಕಾಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಹರಳು, ಒಂದೊಂದೂ ಒಳಗಿಂದ ಕುದಿದು ಮೇಲೆ ಬಂದ ಬಿಸಿಯ ಗುಳ್ಳೆ. ಆ ಕಾಳನ್ನು ತಾನೇ ನೋಡಬೇಕು, ಫೋಟೋ ತೆಗೆಯಬೇಕು ಅಂತ ಅವಳ ಮನಸ್ಸು ಹಠ ಹಿಡಿದು ಕೂತಿತ್ತು.

"ನಾಲ್ಕು ಇಂಚು ಸಾಕು ಬನ್ನಕ್ಕ," ಅಂದರು ಡಾಕ್ಟರು. "ಹಗಲು ಹೊತ್ತು ಗಾಳಿ ಬಿಸಿಗೆ ನಡುಗ್ತಾ ಇರುತ್ತೆ. ದೊಡ್ಡ ಕಣ್ಣು ಆ ನಡುಕವನ್ನೂ ದೊಡ್ಡದಾಗೇ ಹಿಡಿಯುತ್ತೆ. ಆಮೇಲೆ ನನ್ನ ಬೈಬೇಡಿ."

"ನಾಲ್ಕು ಇಂಚಿನಲ್ಲಿ ಕಾಳು ಇದೆ ಅಂತ ಗೊತ್ತಾಗುತ್ತೆ, ಆರು ಇಂಚಿನಲ್ಲಿ ಕಾಳಿನ ಅಂಚು ಕಾಣುತ್ತೆ ಡಾಕ್ಟ್ರೇ. ತರೋದೇ ಆದ್ರೆ ದೊಡ್ಡದೇ ತರೋಣ."

"ತಿಂಗಳೊಳಗೆ ವಾಪಸ್ ಕೊಡಬಹುದು ಅಂತ ಅಂಗಡಿಯವರು ಹೇಳಿದ್ದಾರೆ. ಅಷ್ಟರಲ್ಲಿ ಕಾಳು ಕಾಣಲಿಲ್ಲ ಅಂದ್ರೆ?"

"ಕಾಣಲಿಲ್ಲ ಅಂದ್ರೆ ನಾನೇ ನಮ್ಮ ಬ್ರೆಡ್ಡಿನ ವ್ಯಾನಲ್ಲಿ ಹಾಕ್ಕೊಂಡು ಹೋಗಿ ವಾಪಸ್ ಕೊಟ್ಟು ಬರ್ತೀನಿ. ನೀವು ನಿಮ್ಮ ರಾತ್ರಿ ಟೆಲಿಸ್ಕೋಪ್ ತಗೊಳ್ಳಿ. ಮತ್ತೆ ನಾನು ಸೂರ್ಯನ ಸುದ್ದಿ ಎತ್ತಿದ್ರೆ ಕೇಳಿ!"

ಎಲ್ಲರ ಮುಂದೆ ಆಡಿದ ಮಾತು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರೆ ಏನು ಬಂತು?

ಟೆಲಿಸ್ಕೋಪ್ ಬಂತು. ಎಲ್ಲಿಡುವುದು ಅನ್ನುವ ಪ್ರಶ್ನೆಯೇ ಇರಲಿಲ್ಲ. ಬನ್ನಕ್ಕನ ತಾರಸಿಯಲ್ಲಿ ಚಿನ್ನದಂಥ ಜಾಗವೊಂದಿತ್ತು. ನೆಲ ಮಟ್ಟ, ಪಾಚಿ ಕಟ್ಟದ್ದು, ಎಂಥ ಮಂಜಿನಲ್ಲೂ ಥಂಡಿ ಹಿಡಿಯದ್ದು. ಹೊಗೆ ಬರುವ ಚಿಮಣಿ ಇದ್ದದ್ದು ತಾರಸಿಯ ಇನ್ನೊಂದು ಕೊನೆಯಲ್ಲಿ. ಬಿಸಿ ಹೊಗೆ ಟೆಲಿಸ್ಕೋಪಿಗೆ ಆಗದು ಅಂತ ಓದಿಕೊಂಡಿದ್ದ ಬನ್ನಕ್ಕ ಬೇಕೆಂದೇ ಅದರಿಂದ ದೂರ ಇಟ್ಟಳು. ಅಲ್ಲಿ ಇದ್ದ ಅಡ್ಡಿ ಒಂದೇ, ಅದು ಅತ್ತೆ ಬಟ್ಟೆ ಒಣಹಾಕಲೆಂದೇ ಗೊತ್ತುಮಾಡಿದ್ದ ಜಾಗ.

"ನನ್ನ ಬಟ್ಟೆ ಜಾಗದಲ್ಲಿ ಈ ಕೊಳವೆ ಯಾಕೆ ನಿಲ್ಲಿಸಿದ್ದೀಯಾ?"

"ಒಂದು ತಿಂಗಳು ಅಷ್ಟೇ ಅತ್ತೆ. ಬಟ್ಟೆನ ಆ ಕಡೆ ಹಾಕೋಣ."

"ಆ ಕಡೆ ಒಣಗಲ್ಲ!"

"ಬಿಸಿಲು ಎಲ್ಲ ಕಡೆ ಒಂದೇ ಅಲ್ವಾ ಅತ್ತೆ?"

ಅತ್ತೆ ಕೊಳವೆಯನ್ನು ದುರುಗುಟ್ಟಿ ನೋಡಿ ಇಳಿದುಹೋದರು. ಆ ಮನೆಯ ಬಿಳಿ ಬೆಕ್ಕು ಮಾತ್ರ, ಮೈದಾ ಅಂತ ಅದರ ಹೆಸರು, ಟೆಲಿಸ್ಕೋಪಿನ ಮೂರು ಕಾಲುಗಳ ನಡುವೆ ಸುರುಳಿ ಸುತ್ತಿ ಮಲಗಿ ಒಪ್ಪಿಗೆ ಕೊಟ್ಟಿತು. ಬಳಗಕ್ಕೆ ಹೊಸ ಸದಸ್ಯ ಬಂದ ಅಂತ ಬನ್ನಕ್ಕನ ಗಂಡ ನಗೆಯಾಡಿದ.

ಮೊದಲ ದಿನ ಬನ್ನಕ್ಕ ಮಸೂರದ ಮುಂದೆ ಬಿಸಿಲಿನ ಪ್ರಖರತೆ ತಡೆಯುವ ಬೆಳ್ಳಿಬಣ್ಣದ ಶೋಧಕ, ಅಂದರೆ ಫಿಲ್ಟರ್, ಹಾಕಿದಳು. ಅದಿಲ್ಲದೆ ಇಣುಕಿದರೆ ಕಣ್ಣು ಹೋದಂತೆಯೇ, ಹಾಗಾಗಿ ಸರಿಯಾಗಿ ಕೂತಿದೆಯೇ ಅಂತ ಅಲುಗಾಡಿಸಿ ನೋಡಿ, ಸಾಲದೆಂದು ತನ್ನ ಏಪ್ರನ್ನಿನ ದಾರದಿಂದಲೂ ಬಿಗಿದಳು. ಆಮೇಲೆ ಕಣ್ಣಿಟ್ಟಳು.

ಏನಿದೆ ಅಲ್ಲಿ? ಹಾಲು ಉಕ್ಕುವ ಮುಂಚೆ ಅದರ ಕೆನೆ ನಡುಗುತ್ತದಲ್ಲ, ಹಾಗೆ ನಡುಗುವ ಒಂದು ಬಿಳೀ ತಟ್ಟೆ. ಅಂಚು ಕೂಡ ನೆಟ್ಟಗೆ ನಿಲ್ಲುತ್ತಿಲ್ಲ. ಕಲೆಯೊಂದು ಇತ್ತು, ಅದೂ ಕಲಸಿಹೋಗಿತ್ತು. ಕಾಳಿನ ಸುಳಿವೇ ಇಲ್ಲ.

ಇವತ್ತು ಗಾಳಿ ಸರಿಯಿಲ್ಲ ಅಂದುಕೊಂಡಳು. ಮಾರನೆಯ ದಿನವೂ ಸರಿ ಇರಲಿಲ್ಲ. ಅದರ ಮಾರನೆಯ ದಿನವೂ ಅಷ್ಟೆ. ಸೂರ್ಯನ ಫೋಟೋ ಅಂದರೆ ಒಂದು ಸಲ ಗುಂಡಿ ಒತ್ತಿ ಮುಗಿಯುವುದಲ್ಲ. ಕ್ಯಾಮೆರಾ ಒಂದೇ ಸಮ ಸಾವಿರಾರು ಚಿತ್ರ ಹಿಡಿಯುತ್ತದೆ, ಗಾಳಿ ಗಳಿಗೆ ಹೊತ್ತು ತೆಪ್ಪಗಿದ್ದಾಗ ಸಿಕ್ಕ ಒಳ್ಳೆಯವನ್ನು ಕಂಪ್ಯೂಟರಿನಲ್ಲಿ ಆರಿಸಿ ಒಂದರ ಮೇಲೊಂದು ಕೂಡಿಸಬೇಕು. ಬನ್ನಕ್ಕ ಮಧ್ಯಾಹ್ನದ ನಿದ್ದೆ ಬಿಟ್ಟು ಆರಿಸಿದಳು, ಆರಿಸಿದಳು, ಆರಿಸಲು ಒಳ್ಳೆಯದು ಅಂತ ಒಂದಾದರೂ ಇದ್ದರೆ ತಾನೇ! ತಿಂಗಳು ಕರಗುತ್ತಾ ಬಂತು.

ಕೊನೆಯ ವಾರ ಡಾಕ್ಟರು ಬಳಗದವರನ್ನು ಕರೆದುಕೊಂಡು ತಾರಸಿಗೆ ಬಂದರು. ಕೈಯಲ್ಲಿ ಯಾರದೋ ನಾಲ್ಕು ಇಂಚಿನ ಟೆಲಿಸ್ಕೋಪ್. ಅದನ್ನು ದೊಡ್ಡದರ ಪಕ್ಕದಲ್ಲೇ ನಿಲ್ಲಿಸಿದರು. ಎಲ್ಲರೂ ಎರಡರಲ್ಲೂ ಕಣ್ಣಿಟ್ಟರು. ಸಣ್ಣದರಲ್ಲಿ ಸೂರ್ಯ ಸ್ವಲ್ಪ ತೂಗಾಡುತ್ತಿದ್ದರೂ ಕಲೆಗೆ ಒಂದು ಆಕಾರವಿತ್ತು. ದೊಡ್ಡದರಲ್ಲಿ ಬರೀ ಗಂಜಿ.

ನೀನು ಆರಿಸಿದ್ದು ತಪ್ಪು ಅಂತ ಯಾರೂ ಅನ್ನಲಿಲ್ಲ. ಟೀ ಕುಡಿದರು, ಬನ್ನು ಹೊಗಳಿದರು. ಹೊರಡುವಾಗ ಡಾಕ್ಟರು ಮೆಟ್ಟಿಲ ಬಳಿ ನಿಂತು, "ಬೇಜಾರು ಮಾಡ್ಕೋಬೇಡಿ ಬನ್ನಕ್ಕ, ಶನಿವಾರ ವಾಪಸ್ ಕಳಿಸಿಬಿಡೋಣ" ಅಂದರು. ಅವರ ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾದ ಮರುಕ ಇತ್ತು. ಅದೇ ಬನ್ನಕ್ಕನಿಗೆ ಹೆಚ್ಚು ಉರಿಯಿತು. ಬೈದಿದ್ದರೆ ತಿರುಗಿಸಿ ಎರಡು ಬೈದು ಹಗುರಾಗುತ್ತಿದ್ದಳು.

ಎಲ್ಲರೂ ಹೋದ ಮೇಲೆ ಅವಳು ತಾರಸಿಯಲ್ಲೇ ಕುಕ್ಕರಿಸಿದಳು. ಅಳು ಒತ್ತರಿಸಿ ಬಂತು. ದೊಡ್ಡದರ ಆಸೆಗೆ ಬಿದ್ದು ಕೆಟ್ಟೆ ಅನ್ನಿಸಿತು. ಹೋಗುವುದು ಬರೀ ಕೊಳವೆಯಲ್ಲ. ಅವಳಿಗೆ ಸಿಕ್ಕಿದ್ದ ಒಂದೇ ಒಂದು ನಕ್ಷತ್ರ ಅದರ ಜೊತೆಗೇ ಹೋಗುತ್ತದೆ. ಇನ್ನು ಕುರ್ಚಿಯಲ್ಲಿ ಕೂತು ಆಕಳಿಸುವುದಷ್ಟೇ ಬಾಕಿ.

ಅಷ್ಟರಲ್ಲಿ ಅತ್ತೆ ಬುಟ್ಟಿ ಹಿಡಿದು ಹತ್ತಿ ಬಂದರು. ಆ ಕಡೆಯ ಹಗ್ಗದಿಂದ ಒಂದೊಂದೇ ಬಟ್ಟೆ ಎಳೆದು ಸೊಸೆಯ ಮಡಿಲಿಗೆ ಎಸೆದರು.

"ಮುಟ್ಟಿ ನೋಡು! ಬೆಳಿಗ್ಗೆ ಹಾಕಿದ್ದು, ಇನ್ನೂ ಹಸಿ. ನನ್ನ ಜಾಗದಲ್ಲಾಗಿದ್ರೆ ಟೀ ಕುಡಿದು ಬರೋಷ್ಟರಲ್ಲಿ ಗರಿಗರಿ ಆಗ್ತಿತ್ತು. ಬಿಸಿಲು ಎಲ್ಲ ಕಡೆ ಒಂದೇ ಅಂದ್ಯಲ್ಲ, ಎಲ್ಲಿ ಒಂದೇ?"

ಬನ್ನಕ್ಕ ಹಸಿ ಬಟ್ಟೆಯನ್ನು ಹಿಸುಕಿ ನೋಡಿದಳು. ಬಿಸಿಲು ಎರಡೂ ಕಡೆ ಒಂದೇ. ಗಾಳಿಯೂ ಒಂದೇ. ಮತ್ತೆ ಅಲ್ಲಿ ಯಾಕೆ ಬೇಗ ಒಣಗಬೇಕು? ಕಣ್ಣು ಟೆಲಿಸ್ಕೋಪಿನ ಕಡೆ ಹೋಯಿತು. ಮೂರು ಕಾಲಿನ ನಡುವೆ ಮೈದಾ ನಾಲ್ಕೂ ಕಾಲು ಚಾಚಿ ಮಲಗಿತ್ತು. ಇಡೀ ತಾರಸಿ ಖಾಲಿ ಇದ್ದರೂ ಈ ಚಳಿಗಾಲದಲ್ಲಿ ಬೆಕ್ಕು ದಿನಾ ಅಲ್ಲೇ ಯಾಕೆ ಮಲಗಬೇಕು?

ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿದಳು. ಏನೂ ತಿಳಿಯಲಿಲ್ಲ. ಭಟ್ಟಿಯಿಂದ ತಟ್ಟೆ ಎಳೆದೂ ಎಳೆದೂ ಜಡ್ಡುಗಟ್ಟಿದ ಕೈಗೆ ಬಿಸಿ ಯಾವುದು, ತಣ್ಣಗೆ ಯಾವುದು?

ಮರುದಿನ ಬ್ರೆಡ್ಡು ಭಟ್ಟಿಗೆ ಹೋದ ಮೇಲೆ, ಇನ್ನೂ ಸೂರ್ಯ ಹುಟ್ಟುವ ಮುಂಚೆ, ಎರಡು ತಟ್ಟೆಯಲ್ಲಿ ಒಂದೊಂದು ತುಂಡು ಬೆಣ್ಣೆ ಇಟ್ಟುಕೊಂಡು ಮೇಲೆ ಹೋದಳು. ಒಂದನ್ನು ಟೆಲಿಸ್ಕೋಪಿನ ಕೆಳಗಿಟ್ಟಳು, ಇನ್ನೊಂದನ್ನು ಆ ಕಡೆಯ ಹಗ್ಗದ ಕೆಳಗೆ. ಮೈದಾ ನೆಕ್ಕೀತೆಂದು ಆ ಬೆಕ್ಕನ್ನು ಸೆರಗಲ್ಲಿ ಅವುಚಿಕೊಂಡು ಕಾದಳು. ಹಗ್ಗದ ಕೆಳಗಿನ ಬೆಣ್ಣೆ ಕಲ್ಲಿನಂತೆ ಇತ್ತು. ಟೆಲಿಸ್ಕೋಪಿನ ಕೆಳಗಿನದು ಮೊದಲು ಮಿರಿಮಿರಿ ಮಿಂಚಿತು, ಆಮೇಲೆ ಅಂಚು ಬಿಟ್ಟಿತು, ಕೊನೆಗೆ ತಟ್ಟೆ ತುಂಬ ಹರಡಿಕೊಂಡಿತು.

"ರೀ! ಬೇಗ ಬನ್ರೀ ಮೇಲೆ!"

ಗಂಡ ಹಿಟ್ಟಿನ ಕೈಯಲ್ಲೇ ಓಡಿ ಬಂದ. ಬನ್ನಕ್ಕ ಕರಗಿದ ಬೆಣ್ಣೆಯನ್ನು ಅವನ ಮೂಗಿಗೆ ಹಿಡಿದಳು.

"ಭಟ್ಟಿ ಇದರ ಕೆಳಗೇ ಇದೆ! ಚಿಮಣಿ ಆ ಕಡೆ ಇದೆ ಅಂತ ನಾನು ನಿಶ್ಚಿಂತೆಯಾಗಿದ್ದೆ. ಭಟ್ಟಿಯ ಹೊಟ್ಟೆ ಈ ಕಡೆ ಇರೋದು ನನ್ನ ಬುದ್ಧಿಗೆ ಹೊಳೀಲೇ ಇಲ್ಲ. ಕಾವು ತಾರಸಿಯಿಂದ ಮೇಲೇಳ್ತಾನೇ ಇದೆ. ಇಷ್ಟು ದಿನ ಅದರ ಮೂಲಕ ಸೂರ್ಯನ್ನ ನೋಡ್ತಿದ್ದೆ. ಅಯ್ಯೋ ನನ್ನ ಮಂಕುಬುದ್ಧಿಗಿಷ್ಟು!"

ಗಂಡ ತಲೆ ಕೆರೆದುಕೊಂಡ, ತಲೆಗೆಲ್ಲ ಹಿಟ್ಟಾಯಿತು. "ಹಾಗಾದ್ರೆ ಭಟ್ಟಿ ಆರಿಸೋಣವಾ?"

ಮೆಟ್ಟಿಲ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರ ಮುಖ ನೋಡಿ ಗಂಡನ ಬಾಯಿಗೆ ಬೀಗ ಬಿತ್ತು.

"ಭಟ್ಟಿ ಯಾಕ್ರೀ ಆರಿಸಬೇಕು?" ಅಂದಳು ಬನ್ನಕ್ಕ. "ಮಾವ ಹಚ್ಚಿದ ಬೆಂಕಿ ನನ್ನ ಕಾಲದಲ್ಲಿ ಆರೋದು ಬೇಡ. ಟೆಲಿಸ್ಕೋಪಿಗೆ ಮೂರು ಕಾಲಿದೆ, ಅದೇ ನಡೀಲಿ."

ನಡೆಯಲಿ ಸರಿ, ಎಲ್ಲಿಗೆ? ಊರಿನ ಯಾವ ತಾರಸಿಯಾದರೂ ಬಿಸಿಲು ಏರಿದರೆ ಕಾಯುವುದೇ. ಅದನ್ನೇ ಯೋಚಿಸುತ್ತಾ ವ್ಯಾನಿನಲ್ಲಿ ಬ್ರೆಡ್ಡು ಹಂಚಲು ಹೊರಟಳು. ಕೊನೆಯ ಮನೆ ತಮ್ಮನದು, ಮನೆ ಅಂದರೆ ಅವನು ಕೆಲಸ ಮಾಡುವ ಪಂಪ್‌ಹೌಸ್. ಊರಿಗೆ ಕುಡಿಯುವ ನೀರು ಕೊಡುವ ದೊಡ್ಡ ಕೆರೆ, ಅದರೊಳಕ್ಕೆ ಚಾಚಿಕೊಂಡ ಕಲ್ಲಿನ ಕಟ್ಟೆ, ಕಟ್ಟೆಯ ತುದಿಯಲ್ಲಿ ಪಂಪ್‌ಹೌಸ್. ತಮ್ಮನಿಗೆ ಬ್ರೆಡ್ಡು ಕೊಟ್ಟು ಹಿಂತಿರುಗಿ ನೋಡಿದಳು. ಬಂದ ರಸ್ತೆಯ ಮೇಲೆ ಕರೆಂಟಿನ ಕಂಬಗಳು ಬಿಸಿಲಿಗೆ ಆಗಲೇ ಬಳುಕುತ್ತಿದ್ದವು. ನೀರಿನ ಕಡೆ ನೋಡಿದಳು. ಆಚೆ ದಡದ ಕಂಬ ಗೆರೆ ಎಳೆದ ಹಾಗೆ ನಿಂತಿತ್ತು.

ನೀರು ಅಷ್ಟು ಬೇಗ ಕಾಯುವುದಿಲ್ಲ! ಬನ್ನಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಲೋ, ಶನಿವಾರ ಬೆಳಿಗ್ಗೆ ಇಲ್ಲಿಗೆ ಒಂದು ಸಾಮಾನು ತರ್ತೀನಿ, ಜಾಗ ಬಿಡಿಸಿಡು."

"ಏನು ಸಾಮಾನಕ್ಕ?"

"ಬಂದಾಗ ನೋಡುವೆಯಂತೆ."

ಶನಿವಾರ ಬೆಳಗಾಗುತ್ತಲೇ ಆರು ಇಂಚಿನ ಟೆಲಿಸ್ಕೋಪ್ ಬ್ರೆಡ್ಡಿನ ವ್ಯಾನಿನಲ್ಲಿ, ಖಾಲಿ ಹಿಟ್ಟಿನ ಚೀಲಗಳ ಮೇಲೆ ಬೆಚ್ಚಗೆ ಮಲಗಿ ಹೊರಟಿತು. ವಾಪಸ್ ಕಳಿಸುವುದಕ್ಕೆ ಬಂದಿದ್ದ ಡಾಕ್ಟರನ್ನು ಬನ್ನಕ್ಕ ಅವರ ಕೈಲಿದ್ದ ನಾಲ್ಕು ಇಂಚಿನದರ ಸಮೇತ ಮುಂದಿನ ಸೀಟಿಗೆ ಹತ್ತಿಸಿದಳು. "ಅಂಗಡಿ ತೆಗೆಯೋದು ಇನ್ನೂ ಲೇಟು ಡಾಕ್ಟ್ರೇ, ಅಲ್ಲೀವರೆಗೂ ಇದು ನಮ್ಮದು." ಹೊರಡುವಷ್ಟರಲ್ಲಿ ಅತ್ತೆ ಶಾಲು ಹೊದ್ದು ಬಂದು ವ್ಯಾನಿನ ಬಾಗಿಲು ಬಡಿದರು.

"ನೀವೆಲ್ಲಿಗೆ ಅತ್ತೆ?"

"ನನ್ನ ಜಾಗ ಖಾಲಿ ಮಾಡ್ಕೊಂಡು ಹೋಗ್ತಿದೆಯಲ್ಲ, ಅದು ವಾಪಸ್ ಬರದಂಗೆ ನೋಡ್ಕೋಬೇಕಲ್ಲ!"

ಕಟ್ಟೆಯ ತುದಿಯಲ್ಲಿ ಟೆಲಿಸ್ಕೋಪ್ ನಿಂತಿತು. ಮೂರು ಕಡೆ ನೀರು, ಎದುರಿಗೆ ಆಗ ತಾನೇ ಎದ್ದ ಸೂರ್ಯ. ಶೋಧಕ ಹಾಕಿದಳು, ಅಲುಗಾಡಿಸಿದಳು, ದಾರ ಬಿಗಿದಳು. ಕಣ್ಣಿಟ್ಟಳು.

ಅದೇ ನಡುಕ.

ಡಾಕ್ಟರು ಮೆಲ್ಲಗೆ ಕೆಮ್ಮಿದರು. ತಮ್ಮ ಬೇರೆ ಕಡೆ ನೋಡಿದ. ಆದರೆ ಮೂವತ್ತು ವರ್ಷ ಭಟ್ಟಿಯ ಬಾಗಿಲು ಕಾದವಳು ಬನ್ನಕ್ಕ; ಬ್ರೆಡ್ಡು ಉಬ್ಬಲಿಲ್ಲ ಅಂತ ನಡುವೆ ಬಾಗಿಲು ತೆಗೆದು ಕೆಡಿಸಿಕೊಳ್ಳುವ ಪೈಕಿಯಲ್ಲ. "ಇನ್ನೂ ಕೆಳಗಿದ್ದಾನೆ," ಅಂದಳು. "ಇಷ್ಟು ತಗ್ಗಲ್ಲಿದ್ರೆ ಊರೆಲ್ಲದರ ಗಾಳಿ ದಾಟಿ ಬರಬೇಕು. ಮಾರುದ್ದ ಮೇಲೆ ಬರಲಿ." ಎಲ್ಲರಿಗೂ ಬನ್ನು ಹಂಚಿದಳು. ತಾನು ತಿನ್ನಲಿಲ್ಲ. ಸೂರ್ಯ ಮಾರುದ್ದ ಏರಿದ, ಇನ್ನೊಂದು ಮಾರು ಏರಿದ. ನೀರಿನ ಮೇಲಿಂದ ತಣ್ಣನೆಯ ಗಾಳಿ ಮುಖಕ್ಕೆ ತಾಗಿತು. ಬಗ್ಗಿ ಮತ್ತೆ ಕಣ್ಣಿಟ್ಟಳು.

ಅಂಚು ನಿಂತಿತ್ತು. ಚಾಕುವಿನಲ್ಲಿ ಕೊಯ್ದ ಹಾಗೆ ನಿಂತಿತ್ತು. ಕಲೆಯ ಸುತ್ತ ಹೂವಿನ ಎಸಳಿನಂತೆ ಸಣ್ಣ ಗೆರೆಗಳು ಒಂದೊಂದೂ ಬೇರೆ ಬೇರೆ. ಅದರಾಚೆ, ಇಡೀ ಮೈ ತುಂಬ, ಎಲ್ಲಿ ನೋಡಿದರಲ್ಲಿ ಕಾಳು! ಒಂದಕ್ಕೊಂದು ಒತ್ತಿಕೊಂಡು, ಒಂದೊಂದಕ್ಕೂ ಅಂಚು ಇಟ್ಟುಕೊಂಡು, ಲೆಕ್ಕವಿಲ್ಲದಷ್ಟು ಕಾಳು!

"ಬಂತು!" ಬನ್ನಕ್ಕ ಕಿರುಚಿದ ರಭಸಕ್ಕೆ ಕಟ್ಟೆಯ ಮೇಲಿದ್ದ ಹಕ್ಕಿಗಳೆಲ್ಲ ಹಾರಿಹೋದವು. "ಬಂತು ಡಾಕ್ಟ್ರೇ, ಬಂತು! ಇಷ್ಟು ದಿನ ನಿಮಗೆ ತೋರಿಸಿದ್ದು ನಮ್ಮ ಭಟ್ಟಿಯ ಕುದಿತ. ಇದು ಅವನದು! ಬನ್ನಿ, ನೋಡಿ!"

ಕ್ಯಾಮೆರಾ ಸಿಕ್ಕಿಸಿದಳು. ಕಂಪ್ಯೂಟರಿನ ಪರದೆಯ ತುಂಬ ಕಾಳು ಮೂಡಿತು, ಸಾವಿರಗಟ್ಟಲೆ ಚಿತ್ರ ಸರಸರ ತುಂಬಿಕೊಂಡವು. ಇನ್ನು ಆರಿಸುವುದೇ ಕಷ್ಟ, ಯಾವುದನ್ನು ಬಿಡುವುದು! ಬನ್ನಕ್ಕನ ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಎರಡೂ ಒಟ್ಟಿಗೇ. ಡಾಕ್ಟರು ಪರದೆ ನೋಡಿದರು, ತಾವು ತಂದಿದ್ದ ನಾಲ್ಕು ಇಂಚಿನದರಲ್ಲೂ ನೋಡಿದರು, ಮತ್ತೆ ಪರದೆಗೆ ಬಂದರು. ಸಣ್ಣದರಲ್ಲಿ ಕಾಳು ಇದೆಯೋ ಇಲ್ಲವೋ ಅನ್ನುವಷ್ಟು. ದೊಡ್ಡದರಲ್ಲಿ ಅಂಗೈ ಮೇಲೆ ಸುರಿದ ಹಾಗೆ.

"ಬನ್ನಕ್ಕ," ಅಂದರು, "ಇನ್ನೊಂದು ಸಲ ಇದನ್ನ ವಾಪಸ್ ಕೊಡೋ ಮಾತೆತ್ತಿದ್ರೆ ನನ್ನ ಹಲ್ಲು ನಾನೇ ಕಿತ್ಕೋತೀನಿ."

"ಕಿತ್ಕೊಂಡ್ರೆ ನಮ್ಮ ಬನ್ನು ಯಾರು ತಿಂತಾರೆ ಡಾಕ್ಟ್ರೇ?"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಅವರು ಪರದೆಯ ಮುಂದೆ ಬಂದು ನಿಂತಿದ್ದರು. ಬಾಗಿದ ಬೆನ್ನನ್ನು ಇನ್ನಷ್ಟು ಬಗ್ಗಿಸಿ, ಭಟ್ಟಿಯ ಬಾಯಿಯೊಳಗೆ ನೋಡುವ ಹಾಗೇ ಆ ಮೂಲೆಯಿಂದ ಈ ಮೂಲೆಗೆ ನೋಡಿದರು. ಅಭ್ಯಾಸಬಲದಿಂದ ಕೈಯನ್ನೂ ಒಡ್ಡಿದರು.

"ಇದೆಲ್ಲ ಕುದೀತಿರೋದಾ?"

"ಹೂಂ ಅತ್ತೆ. ಒಳಗಿಂದ ಬಿಸಿ ಮೇಲೆ ಬರ್ತಾನೇ ಇರುತ್ತೆ. ನಿಂತೇ ಇಲ್ಲ."

"ಯಾವಾಗಿಂದ?"

"ಭೂಮಿ ಹುಟ್ಟೋಕೂ ಮುಂಚಿನಿಂದ."

ಅತ್ತೆ ತುಂಬಾ ಹೊತ್ತು ನೋಡಿದರು. ನೋಡಿ, ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಕಾವು ಸಮ ಇದೆ," ಅಂದರು.

ಅತ್ತೆ ಸೊಸೆಯ ಕಡೆ ತಿರುಗಿ, ಅವಳ ಕೆನ್ನೆಗೆ ಅಂಟಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದರು.

"ದೊಡ್ಡದನ್ನೇ ತಂದೆಯಲ್ಲ, ಒಳ್ಳೇದಾಯ್ತು. ಸಣ್ಣದಾಗಿದ್ರೆ ನನ್ನ ಕಣ್ಣಿಗೆ ಕಾಣ್ತಾನೇ ಇರ್ಲಿಲ್ಲ."